ಮಡ್ಡಿ ಕದಡದಿದ್ದರೆ ಬರೀ ಎಣ್ಣೆ: ಫ್ರಾಯಿಂಡ್ಸ್ ಕಂಪ್ಲೀಟ್ ಅಡ್ಜುವಂಟ್ ಹೇಗಿದೆ?

ಆ್ಯಂಟಿಜೆನ್‌ಗೆ, ಅಂದರೆ ಯಾವುದರ ವಿರುದ್ಧ ಪ್ರತಿಕಾಯ ಬೇಕೋ ಆ ವಸ್ತುವಿಗೆ, ಬೆರೆಸಿ ಚುಚ್ಚಿದರೆ ಪ್ರಾಣಿಯ ರೋಗನಿರೋಧಕ ಪ್ರತಿಕ್ರಿಯೆಯನ್ನು ಜೋರು ಮಾಡುವ ಸರಕು ಅಡ್ಜುವಂಟ್. ಇದರ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಬೆಳಕಿಗೆ ಹಿಡಿದು ನೋಡಿ. ಮೇಲೆ ತಿಳಿ ಎಣ್ಣೆ, ತಳದಲ್ಲಿ ಮಾಸಲು ಬಿಳಿಯ ಮಡ್ಡಿ. ಕೊಟ್ಟ ದುಡ್ಡೆಲ್ಲ ಆ ಮಡ್ಡಿಗೆ. ಕಾಯಿಸಿ ಕೊಂದು ಒಣಗಿಸಿದ ಕ್ಷಯದ ಬ್ಯಾಕ್ಟೀರಿಯಾ ಅದು. ಮೈಕೋಬ್ಯಾಕ್ಟೀರಿಯಂ ಟ್ಯುಬರ್‌ಕ್ಯುಲೋಸಿಸ್‌ನ ಎಚ್37ಆರ್‌ಎ ಎಂಬ, ರೋಗ ತರುವ ಕಸುವು ಕಳೆದುಕೊಂಡ ತಳಿ. ಹೆಚ್ಚಾಗಿ ಸಿಗುವ 10 ಮಿ.ಲೀ. ಬಾಟಲಿಯಲ್ಲಿ ಪ್ರತಿ ಮಿ.ಲೀ.ಗೆ 0.85 ಮಿ.ಲೀ. ಪ್ಯಾರಾಫಿನ್ ಎಣ್ಣೆ, ಎಣ್ಣೆ ನೀರನ್ನು ಬೆರೆಸಿ ಹಿಡಿದಿಡುವ ಮ್ಯಾನೈಡ್ ಮೋನೊಓಲಿಯೇಟ್ 0.15 ಮಿ.ಲೀ., 1 ಮಿ.ಗ್ರಾಂ ಈ ಪುಡಿ. ಪುಡಿ ಇಲ್ಲದ್ದು ಇನ್‌ಕಂಪ್ಲೀಟ್. ಲ್ಯಾಬ್ ಮಾತಿನಲ್ಲಿ ಕಂಪ್ಲೀಟ್ ಅಂದರೆ ಸಿಎಫ್‌ಎ, ಇನ್‌ಕಂಪ್ಲೀಟ್ ಅಂದರೆ ಐಎಫ್‌ಎ.

ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಜೂಲ್ಸ್ ಫ್ರಾಯಿಂಡ್ 1930ರ ದಶಕದಲ್ಲಿ ರೂಪಿಸಿದ ಮಿಶ್ರಣವಿದು. ಅಷ್ಟು ಹಳೆಯದಾದರೂ ಲ್ಯಾಬ್‌ನ ಪ್ರಾಣಿಯಲ್ಲಿ ಪ್ರತಿಕಾಯ ಬೇಕು, ಟಿ ಕೋಶದ (ಮೈ ಕಾಯುವ ಬಿಳಿ ರಕ್ತಕಣದ) ಜೋರಾದ ಪ್ರತಿಕ್ರಿಯೆ ಬೇಕು ಅಂದಾಗ ಮೊದಲು ನೆನಪಾಗುವುದು ಇದೇ. ಕೆಲಸ ಕೊಡುತ್ತದೆ, ಅದರಲ್ಲಿ ಅನುಮಾನವಿಲ್ಲ. ತಕರಾರು ಬೇರೆ ಕಡೆ ಇದೆ. ಇದನ್ನು ಬಳಸುವವರಲ್ಲಿ ಬಹಳ ಮಂದಿ "ಸಿಎಫ್‌ಎ ಹಾಕಿದೆವು" ಎಂದಷ್ಟೇ ಬರೆಯುತ್ತಾರೆ. ಪ್ರಾಣಿಯ ಮೈಗೆ ಎಷ್ಟು ಬ್ಯಾಕ್ಟೀರಿಯಾ ಹೋಯಿತು ಎಂದು ಲೆಕ್ಕ ಹಾಕುವುದಿಲ್ಲ. ಫಲಿತಾಂಶ ಒಂದು ಬ್ಯಾಚ್‌ಗೆ ಒಂದು ಥರ ಬರುವುದಕ್ಕೆ ಒಂದು ದೊಡ್ಡ ಕಾರಣ ಅದೇ.

ಆ ಪುಡಿಯಲ್ಲಿ ಕೆಲಸ ಮಾಡುವುದು ಒಂದೇ ವಸ್ತುವಲ್ಲ. ಕೋಶಭಿತ್ತಿಯ ಪೆಪ್ಟಿಡೋಗ್ಲೈಕಾನ್‌ನಲ್ಲಿ ಮ್ಯುರಾಮಿಲ್ ಡೈಪೆಪ್ಟೈಡ್ ಎಂಬ ಚಿಕ್ಕ ತುಣುಕಿದೆ. ಇಡೀ ಮೈಕೋಬ್ಯಾಕ್ಟೀರಿಯಾದ ಬದಲಿಗೆ ಇದನ್ನಷ್ಟೇ ಎಣ್ಣೆಗೆ ಸೇರಿಸಿದರೂ ಅಡ್ಜುವಂಟ್ ಗುಣ ಬರುತ್ತದೆ ಎಂದು 1974ರಲ್ಲಿ ಫ್ರಾನ್ಸಿನ ತಂಡ ತೋರಿಸಿತು. ಪ್ರಾಣಿಯ ಕೋಶದ ಒಳಗೆ ಇದನ್ನು ಗುರುತಿಸುವುದು ನಾಡ್2 ಎಂಬ ಗ್ರಾಹಕ (ರಿಸೆಪ್ಟರ್). ಭಿತ್ತಿಯ ಮೇಣದಂಥ ಪದರದಲ್ಲಿರುವ ಟ್ರೆಹಲೋಸ್ ಡೈಮೈಕೊಲೇಟ್, ಅಂದರೆ ಹಳಬರು ಕಾರ್ಡ್ ಫ್ಯಾಕ್ಟರ್ ಎನ್ನುವುದನ್ನು ಹಿಡಿಯುವ ಗ್ರಾಹಕ ಮಿಂಕಲ್. ಅದು ಗೊತ್ತಾದದ್ದು 2009ರಲ್ಲಿ. ಲಿಪೊಪ್ರೋಟೀನ್‌ಗಳು ಟಿಎಲ್‌ಆರ್2ಕ್ಕೆ, ಬ್ಯಾಕ್ಟೀರಿಯಾದ ಡಿಎನ್‌ಎ ಟಿಎಲ್‌ಆರ್9ಕ್ಕೆ ತಗಲುತ್ತವೆ; ಇವೂ ಗ್ರಾಹಕಗಳೇ. ಒಂದು ಮನೆಯ ನಾಲ್ಕು ಬಾಗಿಲನ್ನೂ ಒಟ್ಟಿಗೆ ಬಡಿದ ಹಾಗೆ. ಅದಕ್ಕೇ ಸಿಎಫ್‌ಎ ಹಾಕಿದ ಇಲಿಯಲ್ಲಿ ಇಂಟರ್‌ಫೆರಾನ್ ಗಾಮಾ, ಐಎಲ್-17 ಎಂಬ ಸೈಟೊಕೈನ್‌ಗಳ (ಕೋಶಗಳ ನಡುವಿನ ಸಂಕೇತದ ಪ್ರೋಟೀನ್‌ಗಳ) ಕಡೆಗೆ ತೂಕ ಬೀಳುತ್ತದೆ. ಅದೇ ಆ್ಯಂಟಿಜೆನ್ ಐಎಫ್‌ಎಯಲ್ಲಿ ಹೋದರೆ ಪ್ರತಿಕಾಯ ಚೆನ್ನಾಗಿಯೇ ಬರುತ್ತದೆ, ಆದರೆ ಹೆಚ್ಚಿನದು ಐಜಿಜಿ1 ಎಂಬ ಬಗೆಯದು. ಎಣ್ಣೆ ಒಂದೇ, ಎಮಲ್ಷನ್ (ಎಣ್ಣೆ ನೀರು ಸೇರಿಸಿ ಕಡೆದ ಮಿಶ್ರಣ) ಒಂದೇ. ವ್ಯತ್ಯಾಸವೆಲ್ಲ ಬ್ಯಾಕ್ಟೀರಿಯಾದ ಚೂರುಗಳದ್ದು.

ಹಾಗಾಗಿ ಲೇಬಲ್ ಓದುವಾಗ ಎರಡು ವಿಷಯ ಹುಡುಕಿ: ಯಾವ ಬ್ಯಾಕ್ಟೀರಿಯಾ, ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಸಿಎಫ್‌ಎ ಎಂಬ ಒಂದೇ ಹೆಸರಿನಲ್ಲಿ ಎಚ್37ಆರ್‌ಎ 1 ಮಿ.ಗ್ರಾಂ ಇರುವುದೂ ಸಿಗುತ್ತದೆ, ಮೈಕೋಬ್ಯಾಕ್ಟೀರಿಯಂ ಬ್ಯುಟಿರಿಕಂ ಅರ್ಧ ಮಿ.ಗ್ರಾಂ ಇರುವುದೂ ಸಿಗುತ್ತದೆ. ಆ್ಯಂಟಿಜೆನ್ ದ್ರಾವಣದ ಜೊತೆ ಸರಿಸಮ ಬೆರೆಸಿದ ಮೇಲೆ ಆ ಅಂಕಿಯೂ ಅರ್ಧವಾಗುತ್ತದೆ. 1 ಮಿ.ಗ್ರಾಂ ಬಾಟಲಿಯಿಂದ ಮಾಡಿದ ಎಮಲ್ಷನ್ 0.1 ಮಿ.ಲೀ. ಹಾಕಿದರೆ ಇಲಿಗೆ ಸಿಗುವುದು 50 ಮೈಕ್ರೋಗ್ರಾಂ. 4 ಮಿ.ಗ್ರಾಂ ಸಿಎಫ್‌ಎಯಿಂದ ಮಾಡಿ 0.2 ಮಿ.ಲೀ. ಹಾಕಿದರೆ 400 ಮೈಕ್ರೋಗ್ರಾಂ. ಎಂಟು ಪಟ್ಟು ಅಂತರ. ಪ್ರತಿಕಾಯಕ್ಕೆ ಮೊದಲನೆಯದೇ ಸಾಕು, ಬೇಕಾದರೆ ಐಎಫ್‌ಎ ಸೇರಿಸಿ ಇನ್ನೂ ಇಳಿಸಬಹುದು. ರೋಗನಿರೋಧಕ ವ್ಯವಸ್ಥೆ ತನ್ನ ಮೈಯ ಮೇಲೇ ತಿರುಗಿಬೀಳುವ ಸ್ವಯಂರೋಗನಿರೋಧಕ ಕಾಯಿಲೆಯ ಮಾದರಿಗೆ ಎರಡನೆಯದು ಬೇಕು.

ಇನ್ನು ಎಮಲ್ಷನ್. ಈ ಸರಕಿನ ಹಣೆಬರಹ ನಿರ್ಧಾರವಾಗುವುದು ಇಲ್ಲೇ.

ಬೇಕಾದದ್ದು 5 ಮಿ.ಲೀ.ನ ಎರಡು ಗಾಜಿನ ಲ್ಯೂಯರ್ ಲಾಕ್ ಸಿರಿಂಜ್, ನಡುವೆ ತಿರುಪಿ ಕೂರಿಸುವ ಕನೆಕ್ಟರ್ ಅಥವಾ ಮೂರು ದಾರಿಯ ಸ್ಟಾಪ್‌ಕಾಕ್, ಒಂದು ಬಟ್ಟಲು ಐಸ್. ರಬ್ಬರ್ ತಲೆಯ ಪ್ಲಾಸ್ಟಿಕ್ ಸಿರಿಂಜ್ ಬೇಡ. ಎಣ್ಣೆಗೆ ರಬ್ಬರ್ ಉಬ್ಬಿ ಪ್ಲಂಜರ್ ನಡುದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬರೀ ಒತ್ತಿ ಸಿಕ್ಕಿಸುವ ತುದಿಯ ಸಿರಿಂಜ್ ಕೂಡ ಬೇಡ. ಎಮಲ್ಷನ್ ಗಟ್ಟಿಯಾದಾಗ ಒತ್ತಡಕ್ಕೆ ಕಳಚಿ ಮುಖಕ್ಕೆ ಸಿಡಿಯುತ್ತದೆ.

ಹತ್ತು ಇಲಿಗೆ ತಲಾ 0.2 ಮಿ.ಲೀ. ಅಂದರೆ 2 ಮಿ.ಲೀ. ಆಯಿತು. ತಯಾರಿಸಬೇಕಾದದ್ದು 3 ಮಿ.ಲೀ.ಗಿಂತ ಕಡಿಮೆ ಅಲ್ಲ. ಸಿರಿಂಜ್ ಗೋಡೆಗೆ, ಕನೆಕ್ಟರ್ ಹೊಟ್ಟೆಗೆ, ಸೂಜಿಯ ಬುಡಕ್ಕೆ ಅಂಟಿ ಹೋಗುವುದು ಅಷ್ಟಿರುತ್ತದೆ. ಆ್ಯಂಟಿಜೆನ್ ಪಿಬಿಎಸ್ ಎಂಬ ಉಪ್ಪುನೀರಿನ ಬಫರ್‌ನಲ್ಲಿ 1.5 ಮಿ.ಲೀ., ಸಿಎಫ್‌ಎ 1.5 ಮಿ.ಲೀ. ಬಾಟಲಿಯನ್ನು ತಲೆಕೆಳಗು ಮಾಡಿ ಕುಲುಕಿ, ವೋರ್ಟೆಕ್ಸ್ (ಗಿರಗಿರ ಕುಲುಕುವ ಯಂತ್ರ) ಮೇಲೆ ಒಂದೆರಡು ನಿಮಿಷ ಹಿಡಿದು, ತಳದ ಮಡ್ಡಿ ಪೂರ್ತಿ ಎದ್ದ ತಕ್ಷಣ 18 ಗೇಜ್ ಸೂಜಿಯಲ್ಲಿ ಎಳೆದುಕೊಳ್ಳಿ. "ಆಮೇಲೆ ಎಳೆಯೋಣ" ಎಂದು ಪಕ್ಕಕ್ಕಿಟ್ಟರೆ ಮತ್ತೆ ಕೂರುತ್ತದೆ. ಒಂದೇ ಬಾಟಲಿಯನ್ನು ಕದಡದೆ ಮೇಲಿಂದ ಮೇಲೆ ತೆಗೆಯುತ್ತಾ ಹೋದರೆ ಮೊದಲ ಗುಂಪಿನ ಇಲಿಗಳಿಗೆ ಐಎಫ್‌ಎ ಸಿಕ್ಕಿರುತ್ತದೆ, ಕೊನೆಯ ಗುಂಪಿಗೆ ಎರಡು ಪಾಲು ಬ್ಯಾಕ್ಟೀರಿಯಾ. ಹೆಸರು ಮಾತ್ರ ಎಲ್ಲರಿಗೂ ಸಿಎಫ್‌ಎ.

ಎರಡೂ ಸಿರಿಂಜ್‌ನಿಂದ ಗಾಳಿ ತೆಗೆದು ಜೋಡಿಸಿ. ಮೊದಲು ನೀರಿನ ಭಾಗವನ್ನು ಎಣ್ಣೆಯೊಳಕ್ಕೆ ತಳ್ಳಬೇಕು, ಅದೂ ಸ್ವಲ್ಪ ಸ್ವಲ್ಪವಾಗಿ. ನಮಗೆ ಬೇಕಾದದ್ದು ಎಣ್ಣೆಯೊಳಗೆ ನೀರಿನ ಹನಿ. ಎಣ್ಣೆಯನ್ನು ನೀರಿಗೆ ತಳ್ಳಿದರೆ ತಿರುಗುಮುರುಗಾಗಿ ತೆಳ್ಳನೆ ಹಾಲಿನಂಥದ್ದು ಬರುವ ಸಂಭವ ಹೆಚ್ಚು. ಎರಡು ಮೂರು ನಿಮಿಷ ಮೆಲ್ಲಗೆ ಆಚೆ ಈಚೆ ಮಾಡಿ, ಐಸ್‌ನಲ್ಲಿ ಐದು ನಿಮಿಷ ಇಟ್ಟು, ಮತ್ತೆ ಜೋರಾಗಿ. ಉಜ್ಜಾಟಕ್ಕೆ ಬಿಸಿ ಏರುತ್ತದೆ, ಬಿಸಿಯಾದರೆ ಎಮಲ್ಷನ್ ಸಡಿಲಾಗುತ್ತದೆ, ಸೂಕ್ಷ್ಮ ಪ್ರೋಟೀನ್ ಕೆಡುತ್ತದೆ. ಹತ್ತು ಹದಿನೈದು ನಿಮಿಷದ ಹೊತ್ತಿಗೆ ಹೆಬ್ಬೆರಳು ಸೋಲುವಷ್ಟು ಬಿಗಿ ಬರಬೇಕು. ಬಣ್ಣ ಅಪ್ಪಟ ಬಿಳಿ, ಹದ ಹೊಸ ಬೆಣ್ಣೆಯದು.

ಹದ ನೋಡುವ ವಿಧಾನ ನಮ್ಮ ಅಡುಗೆಮನೆಗೆ ಹೊಸದೇನಲ್ಲ. ಬೆಲ್ಲದ ಪಾಕವನ್ನು ನೀರಿಗೆ ಬಿಟ್ಟು ನೋಡುವ ಹಾಗೆಯೇ ಒಂದು ಹನಿ ಎಮಲ್ಷನ್ ತಣ್ಣೀರಿನ ಬೀಕರ್‌ಗೆ ಬಿಡಿ. ಹನಿ ಮುದ್ದೆಯಾಗಿ ಹಾಗೇ ತೇಲುತ್ತಿದ್ದರೆ ಸರಿ. ಅಂಚು ಕರಗಿ ನೀರ ಮೇಲೆ ಬಿಳಿ ಪೊರೆ ಹರಡಿದರೆ ಇನ್ನೂ ಕಡೆಯಬೇಕು. ಎಷ್ಟು ಕಡೆದರೂ ಹರಡುತ್ತಲೇ ಇದ್ದರೆ ಆ್ಯಂಟಿಜೆನ್‌ನ ಬಫರ್ ನೋಡಿ. ಟ್ರೈಟಾನ್, ಎಸ್‌ಡಿಎಸ್‌ನಂಥ ಡಿಟರ್ಜೆಂಟ್ ಉಳಿದಿದ್ದರೆ ಎಮಲ್ಷನ್ ನಿಲ್ಲುವುದೇ ಇಲ್ಲ. ಡಯಾಲಿಸಿಸ್ ಮಾಡಿ ಪಿಬಿಎಸ್‌ಗೆ ತಂದುಕೊಳ್ಳಬೇಕು. ಕೆಲವು ಡಿಟರ್ಜೆಂಟ್ ಡಯಾಲಿಸಿಸ್‌ಗೂ ಜಗ್ಗುವುದಿಲ್ಲ, ಆಗ ಶುದ್ಧೀಕರಣದ ಹಂತದಲ್ಲೇ ಬೇರೆ ಬಫರ್ ಹಿಡಿಯಬೇಕು. ಎರಡನೇ ಕಾರಣ ನೀರು ಎಣ್ಣೆಗಿಂತ ಹೆಚ್ಚಾಗಿರುವುದು. ಅಳತೆ ಅನುಮಾನವಿದ್ದರೆ ಎಣ್ಣೆ ಒಂದು ಹನಿ ಜಾಸ್ತಿಯೇ ಇರಲಿ.

ಒಡೆದ ಎಮಲ್ಷನ್ ಹಾಕಿದರೆ ಏನಾಗುತ್ತದೆ? ಆ್ಯಂಟಿಜೆನ್ ಬೇಗ ಹರಿದುಹೋಗುತ್ತದೆ, ಎಣ್ಣೆ ಮತ್ತು ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಉಳಿಯುತ್ತದೆ. ಪ್ರಾಣಿಗೆ ಗಂಟು ಬರುತ್ತದೆ, ನಿಮಗೆ ಟೈಟರ್ (ರಕ್ತದಲ್ಲಿನ ಪ್ರತಿಕಾಯದ ಮಟ್ಟ) ಬರುವುದಿಲ್ಲ.

ಚುಚ್ಚುವ ವಿಷಯದಲ್ಲಿ ನಿಯಮ ಕಟ್ಟುನಿಟ್ಟು. ಸಿಎಫ್‌ಎ ಒಂದು ಪ್ರಾಣಿಗೆ ಒಂದೇ ಸಲ. ಬೂಸ್ಟರ್ ಎಲ್ಲ ಐಎಫ್‌ಎಯಲ್ಲಿ. ಮೊದಲ ಸಲಕ್ಕೇ ಮೈಕೋಬ್ಯಾಕ್ಟೀರಿಯಾ ವಿರುದ್ಧ ಟಿ ಕೋಶಗಳು ತಯಾರಾಗಿ ನಿಂತಿರುತ್ತವೆ, ಎರಡನೇ ಸಲ ಅದೇ ಪುಡಿ ಹೋದರೆ ಚುಚ್ಚಿದ ಜಾಗ ಕೊಳೆತು ಹುಣ್ಣಾಗುತ್ತದೆ. ಇಲಿಗೆ ಚರ್ಮದಡಿ, ಒಂದು ಜಾಗಕ್ಕೆ 0.1 ಮಿ.ಲೀ. ಮೀರದಂತೆ, ಎರಡು ಪಕ್ಕೆಗೆ ಹಂಚಿ. ಕತ್ತಿನ ಹಿಂಭಾಗ ಬೇಡ, ದಿನವೂ ಹಿಡಿದೆತ್ತುವುದು ಅಲ್ಲೇ. ಮೊಲಕ್ಕೆ ಚರ್ಮದಡಿ ನಾಲ್ಕೈದು ಜಾಗ, ಜಾಗಕ್ಕೆ 0.25 ಮಿ.ಲೀ. ಮಿತಿ, ಒಂದಕ್ಕೊಂದು ದೂರವಿರಲಿ; ಹತ್ತಿರ ಹಾಕಿದರೆ ಗಂಟುಗಳು ಕೂಡಿಕೊಂಡು ಒಡೆಯುತ್ತವೆ. ಸೂಜಿ 23ರಿಂದ 25 ಗೇಜ್. ಒತ್ತಿದ ಮೇಲೆ ಹತ್ತು ಎಣಿಸುವಷ್ಟು ಹೊತ್ತು ಹಾಗೇ ಹಿಡಿದು ಆಮೇಲೆ ಹೊರಗೆಳೆಯಿರಿ, ಇಲ್ಲದಿದ್ದರೆ ಎಮಲ್ಷನ್ ಸೂಜಿಯ ಹಿಂದೆಯೇ ಜಿನುಗುತ್ತದೆ. ಹೊಟ್ಟೆಯೊಳಗೆ ಹಾಕಿದರೆ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆ ದಾರಿ ಬೇಡವೇ ಬೇಡ. ಬೂಸ್ಟರ್ ಮೂರು ನಾಲ್ಕು ವಾರಕ್ಕೆ, ರಕ್ತ ಅದಾದ ಹತ್ತು ಹದಿನಾಲ್ಕು ದಿನಕ್ಕೆ.

ಆಮೇಲೆ ನಾಲ್ಕು ವಾರ, ವಾರಕ್ಕೆ ಮೂರು ಸಲವಾದರೂ ಜಾಗ ಮುಟ್ಟಿ ನೋಡಬೇಕು. ಗ್ರ್ಯಾನ್ಯುಲೋಮಾ ಗಂಟು ಬಂದೇ ಬರುತ್ತದೆ. ಅದು ಒಡೆಯದೆ, ತೂಕ ಇಳಿಯದೆ ಇದ್ದರೆ ಸರಿ. ಪ್ರಾಣಿ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಸಂಸ್ಥೆಯ ನೈತಿಕ ಸಮಿತಿಗೆ (ಐಎಇಸಿ) ಬರೆಯುವ ಅರ್ಜಿಯಲ್ಲಿ ಸಿಎಫ್‌ಎ ಏಕೆ ಬೇಕು, ಬೇರೆಯದು ಏಕೆ ಆಗದು ಎಂಬುದಕ್ಕೆ ಜಾಗ ಬಿಡಿ; "ಎಲ್ಲರೂ ಬಳಸುತ್ತಾರೆ" ಎಂಬ ಉತ್ತರಕ್ಕೆ ಸಮಿತಿ ಒಪ್ಪಬಾರದು.

ನಮ್ಮ ಕಡೆಯ ಫಾರ್ಮಸಿ ಕಾಲೇಜುಗಳಲ್ಲಿ ಈ ಬಾಟಲಿ ಖರ್ಚಾಗುವುದು ಪ್ರತಿಕಾಯಕ್ಕಿಂತ ಹೆಚ್ಚಾಗಿ ಸಂಧಿವಾತದ ಮಾದರಿಗೆ. ಗಿಡಮೂಲಿಕೆಯ ಸಾರವೊಂದನ್ನು ಪರೀಕ್ಷಿಸಬೇಕು. ವಿಸ್ಟರ್ ತಳಿಯ ರ್ಯಾಟ್‌ನ (ದೊಡ್ಡ ಇಲಿ; ಬೇರೆ ಕಡೆ ಇಲಿ ಎಂದದ್ದು ಪುಟ್ಟ ಮೌಸ್) ಹಿಂಗಾಲಿನ ಅಂಗಾಲಿಗೆ 0.1 ಮಿ.ಲೀ. ಸಿಎಫ್‌ಎ, ಪ್ಲೆಥಿಸ್ಮೋಮೀಟರ್‌ನಲ್ಲಿ ಪಾದದ ಗಾತ್ರ. ಪಾದ ಒಂದೇ ದಿನಕ್ಕೆ ಊದುತ್ತದೆ. ಆದರೆ ಅದು ಎಣ್ಣೆ ಮತ್ತು ಬ್ಯಾಕ್ಟೀರಿಯಾ ಬಿದ್ದ ಜಾಗದ ಉರಿಯೂತ, ಸಂಧಿವಾತವಲ್ಲ. ರೋಗನಿರೋಧಕ ವ್ಯವಸ್ಥೆ ನಡೆಸುವ ಸಂಧಿವಾತ ಗೊತ್ತಾಗುವುದು ಹತ್ತು ಹದಿನಾಲ್ಕು ದಿನದ ಮೇಲೆ, ಚುಚ್ಚದ ಇನ್ನೊಂದು ಕಾಲು ಊದಿದಾಗ. ಚುಚ್ಚಿದ ಕಾಲನ್ನಷ್ಟೇ ಅಳೆದು "ಸಂಧಿವಾತ ಇಳಿಯಿತು" ಎಂದು ಬರೆದ ಪ್ರಬಂಧಗಳಿಗೆ ಕೊರತೆಯಿಲ್ಲ. ವಿಸ್ಟರ್‌ಗಿಂತ ಲೂಯಿಸ್ ತಳಿಯಲ್ಲಿ ಈ ಎರಡನೇ ಹಂತ ಖಾತ್ರಿಯಾಗಿ ಬರುತ್ತದೆ, ಪುಡಿಯ ಪ್ರಮಾಣ ಹೆಚ್ಚಿದಷ್ಟೂ ಇನ್ನೂ ಚೆನ್ನಾಗಿ. 1 ಮಿ.ಗ್ರಾಂ ಬಾಟಲಿಯ 0.1 ಮಿ.ಲೀ.ನಲ್ಲಿರುವುದು 0.1 ಮಿ.ಗ್ರಾಂ ಮಾತ್ರ. ವಿಸ್ಟರ್‌ಗೆ ಅಷ್ಟು ಹಾಕಿ ಇನ್ನೊಂದು ಕಾಲು ಊದಲಿಲ್ಲ ಎಂದು ಬಾಟಲಿಯನ್ನು ಬೈಯುವುದು ನ್ಯಾಯವಲ್ಲ. ಅಂಗಾಲಿಗೇ ಹಾಕಬೇಕೆಂದೂ ಇಲ್ಲ. ಬಾಲದ ಬುಡಕ್ಕೆ ಹಾಕಿದರೂ ಲೂಯಿಸ್‌ನಲ್ಲಿ ಸಂಧಿವಾತ ಬರುತ್ತದೆ, ಪ್ರಾಣಿ ನಡೆದಾಡಿಕೊಂಡಾದರೂ ಇರುತ್ತದೆ.

ಬಾಟಲಿಯ 1 ಮಿ.ಗ್ರಾಂ ಸಾಲದ ಇನ್ನೊಂದು ಕಡೆ ಇಎಇ, ಅಂದರೆ ನರಗಳ ಹೊದಿಕೆ ಕೆಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯ ಇಲಿ ಮಾದರಿ. ಒಣ ಎಚ್37ಆರ್‌ಎ 100 ಮಿ.ಗ್ರಾಂ ಆ್ಯಂಪೂಲ್ ಬೇರೆಯಾಗಿ ಸಿಗುತ್ತದೆ. ಹುಡ್ ಒಳಗೆ, ಮಾಸ್ಕ್ ಹಾಕಿ, ಒರಳಿನಲ್ಲಿ ನುಣ್ಣಗೆ ಅರೆದು 25 ಮಿ.ಲೀ. ಐಎಫ್‌ಎಗೆ ಸೇರಿಸಿದರೆ 4 ಮಿ.ಗ್ರಾಂ ಸಿಎಫ್‌ಎ ಆಯಿತು. ಆ ಹೊದಿಕೆಯ ಪ್ರೋಟೀನ್‌ನ ತುಣುಕಾದ ಎಂಒಜಿ 35-55 ಪೆಪ್ಟೈಡ್ 2 ಮಿ.ಗ್ರಾಂ/ಮಿ.ಲೀ. ದ್ರಾವಣವನ್ನು ಸರಿಸಮ ಕಡೆದು, ಸಿ57ಬಿಎಲ್/6 ತಳಿಯ ಹೆಣ್ಣಿಲಿಯ ಎರಡು ಪಕ್ಕೆಗೆ 0.1 ಮಿ.ಲೀ.ನಂತೆ ಹಾಕಿದರೆ ಪೆಪ್ಟೈಡ್ 200 ಮೈಕ್ರೋಗ್ರಾಂ ಹೋಗುತ್ತದೆ. ಅಂದೇ ಒಮ್ಮೆ, ಎರಡು ದಿನ ಬಿಟ್ಟು ಇನ್ನೊಮ್ಮೆ 200 ನ್ಯಾನೋಗ್ರಾಂ ಪರ್ಟುಸಿಸ್ ಟಾಕ್ಸಿನ್ ಹೊಟ್ಟೆಯೊಳಗೆ. ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಈ ವಿಷ ಇಲ್ಲದೆ ಈ ತಳಿಯಲ್ಲಿ ರೋಗ ಸರಿಯಾಗಿ ಹತ್ತುವುದಿಲ್ಲ. ಲಾಟ್ ಬದಲಾದರೆ ಇದರ ಕಸುವೂ ಬದಲಾಗುತ್ತದೆ, ಹೊಸ ಲಾಟ್ ಬಂದಾಗಲೆಲ್ಲ ಐದಾರು ಇಲಿಯಲ್ಲಿ ಡೋಸ್ ನೋಡಿಕೊಳ್ಳಲೇಬೇಕು. 9ರಿಂದ 14ನೇ ದಿನದೊಳಗೆ ಬಾಲ ಜೋತುಬೀಳುತ್ತದೆ. ಅದಕ್ಕೆ ಒಂದೆರಡು ದಿನ ಮುಂಚೆ ತೂಕ ಇಳಿಯುತ್ತದೆ. ಹಿಂಗಾಲು ಸೋತ ಇಲಿ ಮೇಲಿನ ಜಾಲರಿಗೆ ಎಟುಕುವುದಿಲ್ಲ, ನೆನೆಸಿದ ಆಹಾರವನ್ನು ಪಂಜರದ ನೆಲಕ್ಕೇ ಹಾಕಿ.

ಕೊಲಾಜನ್ ಪ್ರೋಟೀನ್ ಚುಚ್ಚಿ ತರಿಸುವ ಸಂಧಿವಾತಕ್ಕೆ ಡಿಬಿಎ/1 ತಳಿಯ ಇಲಿ. ಕೊಲಾಜನ್ ಬಿಸಿಗೆ ಕೆಟ್ಟುಹೋಗುವುದರಿಂದ ಅಲ್ಲಿ ಐಸ್ ಮೇಲಿನ ತಾಳ್ಮೆಯೇ ಎಲ್ಲ.

ಫಲಿತಾಂಶ ಓದುವಾಗ ಎರಡು ಕಡೆ ಜಾರುವವರು ಹೆಚ್ಚು. ಒಂದು, ಸಿ57ಬಿಎಲ್/6 ಇಲಿಗೆ ಐಜಿಜಿ2ಎ ಜೀನೇ ಇಲ್ಲ, ಇರುವುದು ಐಜಿಜಿ2ಸಿ. ಇಂಟರ್‌ಫೆರಾನ್ ಗಾಮಾ ಕಡೆಯ, ಅಂದರೆ ಟಿಎಚ್1 ಪ್ರತಿಕ್ರಿಯೆಯ ಗುರುತು ಈ ಬಗೆಯ ಪ್ರತಿಕಾಯಗಳು. ಬಾಲ್ಬ್/ಸಿ ತಳಿಗೆಂದು ಕೊಂಡ, ಐಜಿಜಿ2ಎ ಗುರುತಿಸುವ ಪ್ರತಿಕಾಯವನ್ನೇ ಎಲೈಸಾ ಪರೀಕ್ಷೆಯಲ್ಲಿ ಬಳಸಿ "ಟಿಎಚ್1 ಪ್ರತಿಕ್ರಿಯೆ ಬರಲಿಲ್ಲ" ಎಂದು ಅಡ್ಜುವಂಟ್ ಮೇಲೆ ತಪ್ಪು ಹೊರಿಸಬೇಡಿ. ಎರಡನೆಯದು ಕಂಟ್ರೋಲ್. ಪಿಬಿಎಸ್ ಸೇರಿಸಿ ಕಡೆದ ಸಿಎಫ್‌ಎ ಗುಂಪು ಒಂದು ಇರಲೇಬೇಕು. ಬರೀ ಪಿಬಿಎಸ್ ಚುಚ್ಚಿದ ಇಲಿಗೆ ಹೋಲಿಸಿದರೆ ಗುಲ್ಮ ದಪ್ಪಗಾದದ್ದು, ಸೈಟೊಕೈನ್ ಏರಿದ್ದು ಎಲ್ಲವೂ ಆ್ಯಂಟಿಜೆನ್‌ನ ಲೆಕ್ಕಕ್ಕೆ ಬಿದ್ದುಬಿಡುತ್ತದೆ. ಬಹುಪಾಲು ಅದು ಮೈಕೋಬ್ಯಾಕ್ಟೀರಿಯಾದ ಕೆಲಸ.

ಇದೇ ಮೋಸ ಆ್ಯಂಟಿಜೆನ್ ಕಡೆಯಿಂದಲೂ ನುಸುಳುತ್ತದೆ. ಇ.ಕೋಲೈನಲ್ಲಿ ಮಾಡಿ ನಿಕಲ್ ಕಾಲಮ್‌ನಲ್ಲಿ ಎಳೆದ ಪ್ರೋಟೀನ್ ಜೊತೆ ಆ ಬ್ಯಾಕ್ಟೀರಿಯಾದ ಹೊರಪದರದ ಎಲ್‌ಪಿಎಸ್ (ಎಂಡೋಟಾಕ್ಸಿನ್) ಬಂದೇ ಬರುತ್ತದೆ. ಸಿಎಫ್‌ಎ ಗದ್ದಲದಲ್ಲಿ ಇದು ಕೇಳಿಸದಿರಬಹುದು. ಆದರೆ ಅದೇ ಪ್ರೋಟೀನನ್ನು ಆಲಂ (ಅಲ್ಯೂಮಿನಿಯಂ ಲವಣದ ಅಡ್ಜುವಂಟ್) ಜೊತೆ ಹಾಕಿ ಹೋಲಿಸಿದಾಗ ಆಲಂ ಗುಂಪಿಗೆ ಕದ್ದು ಒಂದು ಬ್ಯಾಕ್ಟೀರಿಯಾ ಅಡ್ಜುವಂಟ್ ಕೊಟ್ಟಂತಾಗುತ್ತದೆ. ಟ್ರೈಟಾನ್ ಎಕ್ಸ್-114ರಲ್ಲಿ ಎಲ್‌ಪಿಎಸ್ ತೆಗೆದವರು ಆ ಟ್ರೈಟಾನ್ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ, ಎಮಲ್ಷನ್ ಒಡೆಯುವ ಕಥೆ ಮೇಲೆ ಬಂದಿದೆ. ಅನುಮಾನ ಉಳಿದರೆ ಟಿಎಲ್‌ಆರ್4 ಕೆಟ್ಟಿರುವ ಸಿ3ಎಚ್/ಎಚ್‌ಇಜೆ ತಳಿಯಲ್ಲಿ ನೋಡಬಹುದು. ಎಲ್‌ಪಿಎಸ್ ಗ್ರಾಹಕ ಟಿಎಲ್‌ಆರ್4 ಎಂದು 1998ರಲ್ಲಿ ಬಾಯ್ಟ್ಲರ್ ತಂಡ ಕಂಡುಕೊಂಡದ್ದಕ್ಕೆ ಸುಳಿವು ಕೊಟ್ಟದ್ದೂ ಎಲ್‌ಪಿಎಸ್‌ಗೆ ಜಗ್ಗದ ಈ ಇಲಿಯೇ.

ಚುಚ್ಚುವವರ ಸುರಕ್ಷತೆಯಲ್ಲಿ ಈ ಸರಕಿಗೆ ಕಡಿಮೆ ಅಂಕ. ಬೆರಳಿಗೆ ಸೂಜಿ ಚುಚ್ಚಿಕೊಂಡರೆ ತಿಂಗಳುಗಟ್ಟಲೆ ಆರದ ಗಂಟು ಬರಬಹುದು. ಹುಟ್ಟಿದ ಮಗುವಿಗೆ ಬಿಸಿಜಿ ಹಾಕುವ, ಕ್ಷಯದ ಸೋಂಕು ಸಾಮಾನ್ಯವಾದ ನಮ್ಮ ದೇಶದಲ್ಲಿ ಅನೇಕರ ಮೈ ಈ ಬ್ಯಾಕ್ಟೀರಿಯಾಕ್ಕೆ ಮೊದಲೇ ಪಳಗಿರುತ್ತದೆ, ಹಾಗಾಗಿ ಪ್ರತಿಕ್ರಿಯೆ ಇನ್ನೂ ಜೋರು. ಎರಡು ಜೊತೆ ಗ್ಲೌಸ್ ಮತ್ತು ಕನ್ನಡಕ ಬಿಟ್ಟು ಮುಟ್ಟಬೇಡಿ; ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಸೂಜಿಗೆ ಮತ್ತೆ ಮುಚ್ಚಳ ಹಾಕುವ ಚಾಳಿ ಇರುವವರನ್ನು ಈ ಕೆಲಸದಿಂದ ದೂರವಿಡಿ.

ಬದಲಿಗೆ ಏನು ಕೊಳ್ಳಬಹುದು? ಸಿಗ್ಮಾ ಅಡ್ಜುವಂಟ್ ಸಿಸ್ಟಮ್, ಹಿಂದೆ ರಿಬಿ ಎಂದು ಮಾರಾಟವಾಗುತ್ತಿದ್ದದ್ದು, ಇಲಿಗೆ ಒಳ್ಳೆಯ ಆಯ್ಕೆ. ಒಂದು ವಯಲ್‌ನಲ್ಲಿ ಸಾಲ್ಮೊನೆಲ್ಲಾದ ಮೋನೊಫಾಸ್ಫೊರಿಲ್ ಲಿಪಿಡ್ ಎ 0.5 ಮಿ.ಗ್ರಾಂ, ಕೃತಕ ಟ್ರೆಹಲೋಸ್ ಡೈಕೊರಿನೊಮೈಕೊಲೇಟ್ 0.5 ಮಿ.ಗ್ರಾಂ, ಜೊತೆಗೆ ಸ್ಕ್ವಾಲೀನ್ ಎಣ್ಣೆ. 40ರಿಂದ 45 ಡಿಗ್ರಿಗೆ ಬೆಚ್ಚಗೆ ಮಾಡಿ, 2 ಮಿ.ಲೀ. ಆ್ಯಂಟಿಜೆನ್ ದ್ರಾವಣ ಹಾಕಿ ಎರಡು ಮೂರು ನಿಮಿಷ ವೋರ್ಟೆಕ್ಸ್ ಮಾಡಿದರೆ ಹತ್ತು ಇಲಿಗೆ 0.2 ಮಿ.ಲೀ.ನಂತೆ ಸಿದ್ಧ. ಹೆಬ್ಬೆರಳು ನೋಯುವುದಿಲ್ಲ, ತೆಳುವಾದ್ದರಿಂದ ಸೂಜಿ ಕಟ್ಟುವುದಿಲ್ಲ, ಗಂಟು ಕಡಿಮೆ. ಬ್ಯಾಕ್ಟೀರಿಯಾದ ಯಾವ ಭಾಗ ಎಷ್ಟು ಹೋಯಿತು ಎಂದು ಮಿ.ಗ್ರಾಂನಲ್ಲಿ ಬರೆಯಬಹುದು, ಸಿಎಫ್‌ಎಯಲ್ಲಿ ಎಂದೂ ಆಗದ ಮಾತದು. ಇದೇ ಲಿಪಿಡ್ ಎ ಆಲಂ ಜೊತೆ ಸೇರಿ ಸರ್ವಾರಿಕ್ಸ್ ಲಸಿಕೆಯಲ್ಲಿ ಮನುಷ್ಯರಿಗೂ ಹೋಗಿದೆ, ಡೋಸ್‌ಗೆ 50 ಮೈಕ್ರೋಗ್ರಾಂ. ಕೊರತೆಯೂ ಇದೆ: ಪುಟ್ಟ ಪೆಪ್ಟೈಡ್‌ಗೆ, ಕಸುವಿಲ್ಲದ ಆ್ಯಂಟಿಜೆನ್‌ಗೆ ಸಿಎಫ್‌ಎಯಷ್ಟು ಎತ್ತರದ ಟೈಟರ್ ನಿರೀಕ್ಷಿಸಬೇಡಿ, ಇಎಇಗಂತೂ ಇದನ್ನು ನಂಬಿ ಹೊರಡುವ ಹಾಗಿಲ್ಲ. ಟೈಟರ್‌ಮ್ಯಾಕ್ಸ್, ಮೊಂಟನೈಡ್ ಎಂಬ ಅಡ್ಜುವಂಟ್‌ಗಳಲ್ಲಿ ಮೈಕೋಬ್ಯಾಕ್ಟೀರಿಯಾ ಇಲ್ಲ. ಮೊಲದಲ್ಲಿ ಮಾಮೂಲಿ ಪ್ರೋಟೀನ್‌ಗೆ ಪ್ರತಿಕಾಯ ತೆಗೆಯುವವರು ಮೊದಲು ಅವನ್ನು ನೋಡಿ, ಆಗದಿದ್ದರೆ ಸಿಎಫ್‌ಎಗೆ ಬನ್ನಿ.

ಕೊಂಡವರು ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿಡಿ. ಕಡೆದ ಎಮಲ್ಷನ್ ಫ್ರೀಜರ್‌ಗೆ ಹೋಗಬಾರದು. ಒಂದು ರಾತ್ರಿ ಫ್ರಿಜ್‌ನಲ್ಲಿ ಇರಬಹುದು, ಬೆಳಿಗ್ಗೆ ಚುಚ್ಚುವ ಮುನ್ನ ತಣ್ಣೀರಿಗೆ ಮತ್ತೊಂದು ಹನಿ ಬಿಟ್ಟು ನೋಡಿ. ಗಾಜಿನ ಸಿರಿಂಜನ್ನು ಬಳಸಿದ ದಿನವೇ ತೊಳೆಯಬೇಕು: ಮೊದಲು ಆಲ್ಕೋಹಾಲ್, ಆಮೇಲೆ ಸೋಪಿನ ಬಿಸಿನೀರು, ಕೊನೆಗೆ ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತು ಸಲ. ಸೋಪು ಉಳಿದರೆ ಮುಂದಿನ ಎಮಲ್ಷನ್ ನಿಲ್ಲುವುದಿಲ್ಲ.